ಮನಸ್ಸಿಗೊಂದು ದಾಳ

ಎದುರಿನವರ ಮನಸ್ಸನ್ನು ಮಂತ್ರ ಹಾಕಿ ತಿರುಗಿಸುವ ಸಂಗತಿ ನಮ್ಮ ಕಥೆಗಳಿಗೆ ಹೊಸದಲ್ಲ. ವಿರಾಟಪರ್ವದಲ್ಲಿ ಅರ್ಜುನ ಸಮ್ಮೋಹನಾಸ್ತ್ರ ಬಿಟ್ಟಾಗ ಕೌರವರ ಸೇನೆಗೆ ಸೇನೆಯೇ ಮೈಮರೆಯಿತು. ಭೀಷ್ಮರೊಬ್ಬರು ಮಾತ್ರ ಎಚ್ಚರವಾಗಿದ್ದರು. ಅವರ ಹತ್ತಿರ ಹೋಗಬೇಡ ಎಂದು ಅರ್ಜುನನೇ ಉತ್ತರಕುಮಾರನಿಗೆ ಹೇಳಿ ಕಳಿಸಿದ. ಈ ಕಥೆ ಕೇಳುವಾಗಲೆಲ್ಲ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಲ್ಲರೂ ಬಿದ್ದರಲ್ಲ, ಭೀಷ್ಮರು ಯಾಕೆ ಬೀಳಲಿಲ್ಲ? ‘ಅವರಿಗೆ ಅದರ ಪ್ರತಿವಿದ್ಯೆ ಗೊತ್ತಿತ್ತು ಕಣೇ’ ಎಂದು ನಮ್ಮಜ್ಜಿ ಹೇಳಿ ಮುಂದಿನ ತುತ್ತು ಬಾಯಿಗಿಡುತ್ತಿದ್ದರು.

ಆ ಪ್ರಶ್ನೆಗೆ ಲೆಕ್ಕದ ರೂಪದಲ್ಲಿ ಉತ್ತರ ಕೊಡುವ ಆಟವೊಂದು ನನಗೆ 68ನೇ ವಯಸ್ಸಿನಲ್ಲಿ ಸಿಕ್ಕಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಹಾಗಾಗಿ ದಾಳ ಎಂದರೆ ಪಗಡೆ, ಪಗಡೆ ಎಂದರೆ ಶಕುನಿ ಎಂದು ಮೂಗು ಮುರಿಯುವ ಬದಲು, ಮೊಮ್ಮಕ್ಕಳು ಬೇಸಿಗೆ ರಜೆಗೆ ಶಿವಮೊಗ್ಗಕ್ಕೆ ತಂದ ಇಪ್ಪತ್ತು ಮುಖದ ದಾಳವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಇಪ್ಪತ್ತೂ ಮುಖ ಸಮಬಾಹು ತ್ರಿಭುಜ! ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆಯಲು ಒದ್ದಾಡಿದ ಆಕೃತಿ ಅಂಗೈಯಲ್ಲಿ ಕೂತಿತ್ತು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರೂ ಸೇರಿ ಮಾಡಿದ್ದು. ಮೊದಲು ಅಚ್ಚಾದದ್ದು ಒಂದು ಸಾವಿರ ಪೆಟ್ಟಿಗೆ, ಒಂದೊಂದರಲ್ಲಿ ಮೂರು ಪುಟ್ಟ ಪುಸ್ತಕ. ಇದರಲ್ಲಿ ಸೋಲು ಗೆಲುವು ಎಂಬುದಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ‘ಎದುರಿಗೆ ಹಾಳು ಕೋಟೆ, ಬಾಗಿಲು ಅರೆ ತೆರೆದಿದೆ, ಏನು ಮಾಡ್ತೀರಿ?’ ಎಂದು ಮಾಸ್ಟರ್ ಕೇಳಿದರೆ, ನಾವು ‘ಹೀಗೆ ಮಾಡುತ್ತೇವೆ’ ಎನ್ನಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ದಾಳ ಉರುಳುತ್ತದೆ. ನಮ್ಮ ತಾಳಮದ್ದಳೆಯಲ್ಲಿ ಕೂತಲ್ಲೇ ಮಾತಿನಲ್ಲಿ ಲಂಕೆ ಕಟ್ಟುವುದಿಲ್ಲವೇ? ಹೆಚ್ಚುಕಡಿಮೆ ಹಾಗೆಯೇ. ಆದರೆ ಮುಂದೇನಾಗುತ್ತದೆ ಎಂಬುದು ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಮನೆಯಲ್ಲಿ ಮಾಸ್ಟರ್ ಆದವನು ಹದಿನೈದರ ದೊಡ್ಡ ಮೊಮ್ಮಗ. ಅವನ ತಂಗಿ, ಒಂಬತ್ತು ವರ್ಷದ ಪುಟ್ಟಿ, ಬೇಹುಗಾರ್ತಿ. ಪಕ್ಕದ ಮನೆಯ ಹುಡುಗ ಪ್ಯಾಲಡಿನ್, ಅಂದರೆ ವ್ರತ ಹಿಡಿದ ವೀರ. ಅವನಕ್ಕ ಬಿಲ್ಲುಗಾರ್ತಿ. ನನಗೆ ಕೊಟ್ಟದ್ದು ಕ್ಲೆರಿಕ್ ಪಾತ್ರ. ‘ಅಜ್ಜಿ, ನೀವು ಹೇಗೂ ಪೂಜೆ ಮಾಡ್ತೀರಲ್ಲ, ಅದನ್ನೇ ಮಾಡಿ’ ಎಂದರು. ಊಟದ ಮೇಜಿನ ಮೇಲೆ ಕಾಗದ, ಪೆನ್ಸಿಲ್, ಒಂದು ತಟ್ಟೆ ಕೋಡುಬಳೆ. ಇಷ್ಟೇ ಸಾಮಗ್ರಿ.

ಈಗ ಮಂತ್ರದ ವಿಷಯಕ್ಕೆ ಬರೋಣ. ಬೆಂಕಿ ಉಂಡೆ ಎಸೆಯುವುದು, ಗಾಯ ವಾಸಿ ಮಾಡುವುದು ಇವೆಲ್ಲ ಸುಲಭವಾಗಿ ಅರ್ಥವಾದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮನಸ್ಸಿನ ಮೇಲೆ ಹಾಕುವ ಮಂತ್ರಗಳು. 2014ರಲ್ಲಿ ಬಂದ ಐದನೇ ಆವೃತ್ತಿಯ ಪುಸ್ತಕವನ್ನು ಮಧ್ಯಾಹ್ನದ ಹೊತ್ತು ಕನ್ನಡಕ ಹಾಕಿಕೊಂಡು ಓದಿದೆ. ಬರೆದವರು ಮನಸ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿಟ್ಟಿದ್ದಾರೆ.

ಮೊದಲ ಮೆಟ್ಟಿಲು ಚಾರ್ಮ್ ಪರ್ಸನ್. ಇದು ತಗುಲಿದವನು ಗುಲಾಮನಾಗುವುದಿಲ್ಲ. ಮಂತ್ರ ಹಾಕಿದವನು ಅವನ ಕಣ್ಣಿಗೆ ಪರಿಚಯದ ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ, ಅಷ್ಟೇ. ಅವನ ಬುದ್ಧಿ, ಅವನ ಆಸೆ, ಅವನ ಹೆದರಿಕೆ ಎಲ್ಲ ಹಾಗೇ ಇರುತ್ತವೆ. ಬದಲಾದದ್ದು ಎದುರಿಗಿರುವವನನ್ನು ನೋಡುವ ನೋಟ ಮಾತ್ರ. ಇದು ಉಳಿಯುವುದು ಒಂದು ಗಂಟೆ. ಮಂತ್ರ ಹಾಕಿದವನಾಗಲಿ, ಅವನ ಜೊತೆಯವರಾಗಲಿ ನೋವು ಮಾಡಿದರೆ ಅಲ್ಲಿಗೇ ಬಿಡುತ್ತದೆ. ಬಿಟ್ಟ ಮೇಲೆ ‘ಇವನು ನನಗೆ ಮಂತ್ರ ಹಾಕಿದ್ದ’ ಎಂದು ಅವನಿಗೆ ತಿಳಿದೇ ತಿಳಿಯುತ್ತದೆ.

ಎರಡನೆಯದು ಸಜೆಷನ್, ಸಲಹೆ. ಒಂದೆರಡು ವಾಕ್ಯದಲ್ಲಿ ಒಂದು ಕೆಲಸ ಹೇಳಬೇಕು. ಅದು ಕೇಳುವುದಕ್ಕೆ ಸರಿ ಅನ್ನಿಸಬೇಕು. ‘ಬಾವಿಗೆ ಹಾರು’ ಎಂದರೆ ಮಂತ್ರ ಮುರಿಯುತ್ತದೆ. ಸರಿಯಾಗಿ ಹೇಳಿದರೆ ಎಂಟು ಗಂಟೆಯವರೆಗೂ ನಡೆಯಬಹುದು. ಇದನ್ನು ಓದುವಾಗ ನನಗೆ ಮಂಥರೆ ನೆನಪಾದಳು. ರಾಮನಿಗೆ ಪಟ್ಟಾಭಿಷೇಕ ಎಂದಾಗ ಕೈಕೇಯಿ ಮೊದಲು ಖುಷಿಪಟ್ಟು ಮಂಥರೆಗೆ ಒಡವೆಯನ್ನೇ ಕೊಟ್ಟಳು. ಮಂಥರೆ ‘ಕೆಟ್ಟವಳಾಗು’ ಎಂದು ಹೇಳಲಿಲ್ಲ. ‘ನಿನ್ನ ಮಗನ ಗತಿ ಏನು, ಯೋಚಿಸು’ ಎಂಬ ದಾರಿ ಹಿಡಿದಳು. ತಾಯಿಗೆ ಸರಿ ಅನ್ನಿಸುವ ಮಾತು. ಅದಕ್ಕೇ ನಾಟಿತು.

ಮೂರನೆಯದು ಡಾಮಿನೇಟ್ ಪರ್ಸನ್. ಇದು ಹಿಡಿತ. ಹಾಕಿದವನು ಹೇಳಿದಂತೆ ತಗುಲಿದವನು ಕೈಕಾಲು ಆಡಿಸಬೇಕು. ಇದು ದೊಡ್ಡ ಮಂತ್ರವಾದಿಗಳಿಗೆ ಮಾತ್ರ ಬರುವಂಥದ್ದು, ಇರುವುದೂ ಸಾಮಾನ್ಯವಾಗಿ ಒಂದೇ ನಿಮಿಷ. ತಗುಲಿದವನಿಗೆ ಪೆಟ್ಟು ಬಿದ್ದಾಗಲೆಲ್ಲ ಎಚ್ಚರಗೊಳ್ಳಲು ಮತ್ತೊಂದು ಅವಕಾಶ. ಮಂತ್ರವಾದಿಯ ಏಕಾಗ್ರತೆ ತಪ್ಪಿದರೂ ಹಿಡಿತ ಹೋಯಿತು.

ಮೂರಕ್ಕೂ ಎದುರಾಗಿ ಆಟ ಒಂದು ಹಕ್ಕನ್ನು ಕೊಟ್ಟಿದೆ. ಅದಕ್ಕೆ ಸೇವಿಂಗ್ ಥ್ರೋ ಎಂದು ಹೆಸರು. ನಾನು ಅದನ್ನು ಭೀಷ್ಮರ ದಾಳ ಎಂದು ಕರೆದೆ, ಮಕ್ಕಳೂ ಹಾಗೇ ಕರೆಯತೊಡಗಿದರು. ಯಾವ ಮನಸ್ಸನ್ನೂ ಕೇಳದೆ ಹೊಕ್ಕುವ ಹಾಗಿಲ್ಲ. ಅದು ‘ಇಲ್ಲ’ ಎನ್ನಲು ಒಂದು ಸಲ ದಾಳ ಉರುಳಿಸಲೇಬೇಕು.

ಮಕ್ಕಳೇ, ಲೆಕ್ಕ ನೋಡಿ. ಎಳೆಯ ಮಂತ್ರವಾದಿಯ ಮಂತ್ರಕ್ಕೆ 8ರ ಜೊತೆ ಅಭ್ಯಾಸದ 2, ಬುದ್ಧಿಯ 3 ಸೇರಿ 13 ಎಂದಿಟ್ಟುಕೊಳ್ಳಿ. ತಪ್ಪಿಸಿಕೊಳ್ಳಬೇಕಾದರೆ ನಿಮ್ಮ ದಾಳ 13 ಅಥವಾ ಅದಕ್ಕಿಂತ ಹೆಚ್ಚು ತೋರಿಸಬೇಕು. 13ರಿಂದ 20ರವರೆಗೆ ಎಂಟು ಮುಖ. ಇಪ್ಪತ್ತರಲ್ಲಿ ಎಂಟು, ನೂರಕ್ಕೆ 40. ಆದರೆ ಆಗಲೇ ಜಗಳ ಶುರುವಾಗಿ ನೀವು ಹುಷಾರಾಗಿದ್ದರೆ ಚಾರ್ಮ್ ಮಂತ್ರಕ್ಕೆ ಎರಡು ದಾಳ ಉರುಳಿಸಬಹುದು, ದೊಡ್ಡದು ನಿಮ್ಮದು. ಎರಡೂ ಸೋಲುವ ಸಾಧ್ಯತೆ ನೂರಕ್ಕೆ 60ರಲ್ಲಿ ಮತ್ತೆ ನೂರಕ್ಕೆ 60, ಅಂದರೆ 36. ಉಳಿದದ್ದು 64! ಒಂದು ಅನುಮಾನ ಇಟ್ಟುಕೊಂಡದ್ದಕ್ಕೆ 40 ಹೋಗಿ 64 ಆಯಿತು. ಎಲ್ಫ್ ಎಂಬ ಕಾಡಿನ ಕುಲದವರಿಗೆ ಈ ಎರಡನೇ ದಾಳ ಹುಟ್ಟಿನಿಂದಲೇ ಇರುತ್ತದೆ.

ಇನ್ನೊಂದು ಸ್ವಾರಸ್ಯ ಇದೆ. ಈ ದಾಳಕ್ಕೆ ಕೂಡಿಸುವ ಅಂಕ ಬುದ್ಧಿಯದಲ್ಲ, ವಿವೇಕದ್ದು. ಆಟದಲ್ಲಿ ಇಂಟಲಿಜೆನ್ಸ್ ಬೇರೆ, ವಿಸ್ಡಮ್ ಬೇರೆ. 1978ರ ಹಳೆಯ ನಿಯಮಪುಸ್ತಕದಲ್ಲಿ ಹೀಗಿರಲಿಲ್ಲ. ಚಾರ್ಮ್ ತಗುಲಿದವನಿಗೆ ಬುದ್ಧಿ ಹೆಚ್ಚಿದ್ದರೆ ಬಿಡಿಸಿಕೊಳ್ಳುವ ಅವಕಾಶ ಕೆಲವು ದಿನಕ್ಕೊಮ್ಮೆ, ಬುದ್ಧಿ ತೀರ ಕಡಿಮೆ ಇದ್ದರೆ ತಿಂಗಳುಗಟ್ಟಲೆ ಕಾಯಬೇಕು ಎಂಬ ಲೆಕ್ಕವಿತ್ತು. ಅಷ್ಟು ಉದ್ದದ ಸೆರೆ ಈಗ ಒಂದು ಗಂಟೆಗೆ ಇಳಿದಿದೆ. ಮೊಳೆ ಹೊಡೆದ ಹಾಗೆ ಕೂತಿದ್ದ ಮಂತ್ರವನ್ನು ವರ್ಷದಿಂದ ವರ್ಷಕ್ಕೆ ಸಡಿಲ ಮಾಡುತ್ತ ಬಂದಿದ್ದಾರೆ. ಯಾಕೆ ಎಂಬುದು ನಮ್ಮ ಮೇಜಿನ ಮೇಲೆಯೇ ಒಂದು ದಿನ ನನಗೆ ಕಂಡಿತು.

ಅಂದು ಕೋಟೆಯೊಳಗಿನ ಮಾಟಗಾತಿ ನಮ್ಮನ್ನು ನಗುನಗುತ್ತ ಮಾತಾಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಬೇಹುಗಾರ್ತಿಯ ಮೇಲೆ ಡಾಮಿನೇಟ್ ಹಾಕಿದಳು. 15 ಬೇಕು. ಪುಟ್ಟಿಯ ದಾಳ ಉರುಳಿ ಮೇಜಿನ ತುದಿಯಲ್ಲಿ ನಿಂತಿತು: 4. ಅಣ್ಣ ಗಂಭೀರ ದನಿಯಲ್ಲಿ, ‘ಈಗ ನೀನು ಚೂರಿ ತೆಗೆದು ಪ್ಯಾಲಡಿನ್‌ಗೆ ಹೊಡೀತೀಯ. ಹೂಂ, ದಾಳ ಹಾಕು’ ಎಂದ.

ಪುಟ್ಟಿ ಹಾಕಲಿಲ್ಲ. ದಾಳವನ್ನು ಮೇಜಿನ ಮೇಲಿಟ್ಟು ಕೈ ಮಡಿಯಲ್ಲಿಟ್ಟುಕೊಂಡಳು. ‘ಆಟ ಅಲ್ವೇನೇ’ ಎಂದ ಪಕ್ಕದ ಮನೆ ಹುಡುಗ, ಪೆಟ್ಟು ತಿನ್ನಬೇಕಾದವನೇ. ಅವಳ ಕೆಳತುಟಿ ಅದುರುತ್ತಿತ್ತು. ‘ದಾಳ ನನ್ನದು, ಕೈ ನನ್ನದು, ಏನ್ ಮಾಡ್ಬೇಕು ಅಂತ ಹೇಳೋದು ಅಣ್ಣ. ಹಂಗಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ಬೇಕು?’

ಆ ಮಾತು ನನ್ನನ್ನು ತಟ್ಟಿತು. ಈ ಆಟದಲ್ಲಿ ಕಾಯಿ ಇಲ್ಲ, ಮನೆ ಇಲ್ಲ, ಗೆಲುವಿನ ಅಂಕ ಇಲ್ಲ. ಕೂತವರ ಕೈಯಲ್ಲಿರುವುದು ‘ನಾನು ಹೀಗೆ ಮಾಡುತ್ತೇನೆ’ ಎಂಬ ಒಂದೇ ವಾಕ್ಯ. ಕೋಟೆ, ಮಾಟಗಾತಿ, ಮಳೆ, ಗಾಳಿ ಎಲ್ಲವೂ ಮಾಸ್ಟರ್‌ನದು. ಅವಳದು ಎಂದು ಇದ್ದದ್ದು ಅವಳ ಪಾತ್ರದ ಮನಸ್ಸೊಂದೇ, ಅದನ್ನೂ ಎತ್ತಿಕೊಂಡರೆ ಅವಳು ಬರೀ ದಾಳ ಉರುಳಿಸುವ ಯಂತ್ರ. ಬೆಂಕಿ ಉಂಡೆ ಬಿದ್ದು ಅವಳ ಬೇಹುಗಾರ್ತಿ ಸತ್ತಿದ್ದರೂ ಪುಟ್ಟಿ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಒಬ್ಬರಿಗೆ ಆಟವಾದದ್ದು ಇನ್ನೊಬ್ಬರಿಗೆ ಆಟವಾಗಿರದಿದ್ದಾಗ ‘ಇಷ್ಟಕ್ಕೆಲ್ಲ ಅಳ್ತಾರಾ’ ಎನ್ನುವುದು ಸುಲಭ. ಅಣ್ಣ ಹಾಗೆನ್ನಲಿಲ್ಲ. ಅದು ನನಗೆ ಬಹಳ ಸಮಾಧಾನ ತಂದ ಸಂಗತಿ.

ಅವನು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ಯೋಚಿಸಿದ. ಆಮೇಲೆ, ‘ಸರಿ, ಹೊಡಿ ಅಂತ ಹೇಳಿಲ್ಲ. ಮಾಟಗಾತಿ ಹೇಳಿದ್ದು ಇಷ್ಟೇ: ಇವರು ಈ ಬಾಗಿಲು ದಾಟಬಾರದು, ತಡೆ. ಹೇಗೆ ತಡೀತೀಯ ಅನ್ನೋದು ನೀನೇ ಹೇಳು’ ಎಂದ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕುರ್ಚಿಯಿಂದ ಇಳಿದು ಅಡುಗೆಮನೆ ಬಾಗಿಲಿಗೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು. ‘ಹೀಗೆ. ಚೂರಿ ಕೆಳಗಿಟ್ಟಿದೀನಿ. ಆದ್ರೆ ದಾರಿ ಬಿಡಲ್ಲ’ ಎಂದಳು. ಹೇಳಿದ ಮಾತು ಮಾಟಗಾತಿಯದು, ನಡೆಸಿದ ರೀತಿ ಪುಟ್ಟಿಯದು. ನಾನು ಮಂತ್ರ ಬಿಡಿಸಲು ದಾಳ ಹಾಕಿದೆ, 7 ಬಿತ್ತು, ಕೆಲಸವಾಗಲಿಲ್ಲ. ಬಿಲ್ಲುಗಾರ್ತಿ ಪುಟ್ಟಿಯ ತೋಳಿನ ಕೆಳಗಿನಿಂದ ಬಾಣ ಬಿಟ್ಟಳು. ಅದು ಮಾಟಗಾತಿಗೆ ತಾಗಿತು, ಏಕಾಗ್ರತೆ ತಪ್ಪಿತು, ಹಿಡಿತ ಕಳಚಿತು. ‘ಬಿಟ್ಟೋಯ್ತು!’ ಎಂದು ಪುಟ್ಟಿ ಕೂಗಿದ್ದಕ್ಕೆ ಮಹಡಿಯಲ್ಲಿ ಮಲಗಿದ್ದ ಅವಳ ತಾತ ಎದ್ದು ಬಂದರು.

ಅಂದು ರಾತ್ರಿ ಮಕ್ಕಳು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಸಾಲು ಬರೆದು ಗೋಡೆಗೆ ಅಂಟಿಸಿದರು. ಒಂದು, ಯಾರದೇ ಪಾತ್ರದ ಮನಸ್ಸನ್ನು ಹಿಡಿಯುವ ಮೊದಲು ಆ ಆಟಗಾರರನ್ನು ಕೇಳಬೇಕು. ಎರಡು, ಮಂತ್ರ ‘ಏನು’ ಎಂದು ಹೇಳಬಹುದು, ‘ಹೇಗೆ’ ಎಂಬುದು ಆಟಗಾರರಿಗೆ ಬಿಟ್ಟದ್ದು. ಮೂರು, ಮೇಜಿನ ನಡುವೆ ಗುಣಿಸು ಚಿಹ್ನೆ ಬರೆದ ಒಂದು ಕಾರ್ಡು. ಯಾರಿಗಾದರೂ ಕಥೆ ಹೋಗುತ್ತಿರುವ ದಾರಿ ಸಹಿಸಲು ಆಗದಿದ್ದರೆ ಅದನ್ನು ಮುಟ್ಟಿದರೆ ಸಾಕು. ಆ ಭಾಗ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳಬಾರದು. ಈ ಕಾರ್ಡು ಮಕ್ಕಳ ಕಲ್ಪನೆಯಲ್ಲ. ಜಾನ್ ಸ್ಟಾವ್ರೊಪೌಲಸ್ ಎಂಬ ಅಮೆರಿಕದವರು ಎಕ್ಸ್-ಕಾರ್ಡ್ ಎಂಬ ಹೆಸರಿನಲ್ಲಿ ಇದನ್ನು ಹುಟ್ಟುಹಾಕಿದರು. ಈಗ ಎಷ್ಟೋ ಕಡೆ ಇಂಥ ಆಟದ ಮೇಜಿನ ಮೇಲೆ ಅದು ಇರುತ್ತದೆ. ಕಾರಣ ಕೇಳದೆ ‘ಬೇಡ’ವನ್ನು ಒಪ್ಪಿಕೊಳ್ಳುವ ಪದ್ಧತಿ ನಮ್ಮ ಮನೆಗಳಿಗೂ ಸ್ವಲ್ಪ ಬಂದರೆ ಒಳ್ಳೆಯದು ಎಂದು, ದೊಡ್ಡ ಸಂಸಾರದಲ್ಲಿ ಸೊಸೆಯಾಗಿ ಬಾಳಿದ ನನಗೆ ಅನ್ನಿಸಿತು.

ಇಷ್ಟರಲ್ಲಿ ನಮ್ಮ ಗುಂಪು ಆರನೇ ಹಂತಕ್ಕೆ ಏರಿತ್ತು. ಆ ಹಂತದಲ್ಲಿ ಪ್ಯಾಲಡಿನ್‌ಗೆ ಹೊಸ ಶಕ್ತಿ ಬರುತ್ತದೆ. ಅವನ ಸುತ್ತ ಹತ್ತು ಅಡಿಯೊಳಗೆ ನಿಂತ ಸ್ನೇಹಿತರ ಭೀಷ್ಮರ ದಾಳಕ್ಕೆ ಅವನ ಬಲವೂ ಕೂಡುತ್ತದೆ. ಏಳನೇ ಹಂತದಲ್ಲಿ ಒಂದು ಬಗೆಯ ವ್ರತ ಹಿಡಿದವನ ಹತ್ತಿರ ನಿಂತವರಿಗೆ ಚಾರ್ಮ್ ತಗುಲುವುದೇ ಇಲ್ಲ. ಮಕ್ಕಳು ನಡೆಯುವಾಗಲೆಲ್ಲ ‘ಹತ್ತಡಿ, ಹತ್ತಡಿ’ ಎಂದು ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದರು.

ರಜೆ ಮುಗಿದು ಅವರು ಹೋದ ಮೇಲೆ ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಕರೆ ಬಂತು. ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡ ದನಿ. ನನ್ನ ಹೆಸರಿನ ಪಾರ್ಸೆಲ್‌ನಲ್ಲಿ ಏನೋ ಸಿಕ್ಕಿದೆಯಂತೆ, ನನ್ನನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದಾರಂತೆ. ‘ನಿಮ್ಮ ಒಳ್ಳೆಯದಕ್ಕೇ ಹೇಳ್ತಿದೀನಿ ಮೇಡಂ, ಫೋನ್ ಇಡಬೇಡಿ, ಕೋಣೆ ಬಾಗಿಲು ಹಾಕ್ಕೊಳ್ಳಿ, ಮನೆಯವರಿಗೆ ಯಾರಿಗೂ ಹೇಳಬೇಡಿ.’ ಎದೆ ಡವಗುಟ್ಟಿದ್ದು ನಿಜ. ಆದರೆ ಕೊನೆಯ ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಹತ್ತಡಿ ನೆನಪಾಯಿತು. ಮೊದಲು ಹಿತೈಷಿಯ ದನಿ, ಅದು ಚಾರ್ಮ್. ಆಮೇಲೆ ಸರಿ ಅನ್ನಿಸುವಂಥ ಸಲಹೆ. ಅದರ ಮೇಲೆ ಹಿಡಿತ. ಮೂರು ಮೆಟ್ಟಿಲೂ ಇದ್ದವು. ಇವನಿಗೆ ಬೇಕಾದದ್ದು ಎಲ್ಲಕ್ಕಿಂತ ಮೊದಲು ನಾನು ಒಂಟಿಯಾಗುವುದು.

ನಾನು ಕರೆ ಕಡಿದು ಹಾಕಿದೆ. ಹಜಾರದಲ್ಲಿ ಪೇಪರ್ ಓದುತ್ತಿದ್ದ ಯಜಮಾನರ ಪಕ್ಕ ಹೋಗಿ ಕೂತು ಎಲ್ಲವನ್ನೂ ಹೇಳಿದೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಇಬ್ಬರೂ ಸೇರಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ತಿಳಿಸಿದೆವು.

ನನ್ನ ವಯಸ್ಸಿನವರಿಗೆ ಒಂದು ಮಾತು. ಇಂಥ ಕರೆಗೆ ಸಿಕ್ಕಿ ಹಣ ಕಳೆದುಕೊಂಡವರನ್ನು ಕಂಡು ‘ಅಷ್ಟು ಓದಿಕೊಂಡೋರು, ಬುದ್ಧಿ ಬೇಡವಾ’ ಎನ್ನುತ್ತೇವೆ. ಆಟದ ಪುಸ್ತಕ ಹೇಳುವುದು ಬೇರೆ. ಆ ಹೊತ್ತಿನಲ್ಲಿ ಲೆಕ್ಕಕ್ಕೆ ಬರುವುದು ಬುದ್ಧಿಯಲ್ಲ. ವಿವೇಕ ಇದ್ದವರ ದಾಳವೂ ಒಮ್ಮೊಮ್ಮೆ 4 ತೋರಿಸುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಾಡಬೇಕಾದ್ದು ಎರಡೇ: ಅವನ ಏಕಾಗ್ರತೆ ತಪ್ಪಿಸುವುದು, ನಮ್ಮವರ ಹತ್ತಡಿಯೊಳಗೆ ಹೋಗಿ ನಿಲ್ಲುವುದು. ಮನೆಯ ಮಕ್ಕಳು ಬೇರೆ ಊರಲ್ಲಿದ್ದರೆ ಫೋನಿನಲ್ಲಾದರೂ ಆ ಹತ್ತಡಿ ಸಿಗುತ್ತದೆ.

ದಸರಾ ರಜೆಗೆ ಬಂದಾಗ ಪುಟ್ಟಿ ಪಾತ್ರ ಬದಲಾಯಿಸಿದಳು. ಈಗ ಅವಳೇ ಮಂತ್ರವಾದಿನಿ, ಪಟ್ಟಿಯಲ್ಲಿ ಮೊದಲು ಬರೆದುಕೊಂಡ ಮಂತ್ರ ಚಾರ್ಮ್ ಪರ್ಸನ್. ಒಂದು ಪಟ್ಟಣದ ಕೋಟೆಬಾಗಿಲಿಗೆ ಬಂದೆವು. ಮುದುಕ ಕಾವಲುಗಾರ ರಾತ್ರಿ ಹೊತ್ತು ಯಾರನ್ನೂ ಬಿಡುವುದಿಲ್ಲ ಎಂದ. ಎಲ್ಲರೂ ಪುಟ್ಟಿಯ ಕಡೆ ನೋಡಿದರು. ಅವಳು ದಾಳ ಕೈಗೆತ್ತಿಕೊಂಡು ಅಣ್ಣನನ್ನು ಕೇಳಿದಳು: ‘ಒಂದು ಗಂಟೆ ಆದ್ಮೇಲೆ ತಾತಂಗೆ ಗೊತ್ತಾಗುತ್ತೆ, ಅಲ್ವಾ?’

‘ಗೊತ್ತಾಗುತ್ತೆ.’

‘ನಾಳೆ ವಾಪಸ್ ಇದೇ ಬಾಗಿಲಲ್ಲಿ ಬರ್ಬೇಕಲ್ಲ. ಮುಖ ಹೆಂಗೆ ತೋರ್ಸೋದು?’ ಎಂದವಳು ದಾಳ ಕೆಳಗಿಟ್ಟು, ನನ್ನ ಕ್ಲೆರಿಕ್‌ನ ಚೀಲದಿಂದ ಎರಡು ರೊಟ್ಟಿ ಕೇಳಿ ಇಸಕೊಂಡಳು. ‘ತಾತ, ಹೊರಗಡೆ ಚಳಿ ಇದೆ. ನಮ್ಮ ಜೊತೆ ಅಜ್ಜಿ ಇದಾರೆ. ಊಟ ಆಯ್ತಾ ನಿಮ್ದು?’

ಕಾವಲುಗಾರನಿಗಾಗಿ ಅಣ್ಣ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ದಾಳ ಹಾಕು ಎಂದೂ ಹೇಳದೆ ಬಾಗಿಲು ತೆರೆದ.